ಫಿಯೆಟ್ 1100 ಮತ್ತು ಪದ್ಮಿನಿ: ಹಳೆಯ ಕಾರನ್ನು ಮತ್ತೆ ಕಟ್ಟಿ ಪ್ರದರ್ಶನಕ್ಕೆ ಒಯ್ಯುವ ಬಗೆ

ಹಳೆಯ ಪದ್ಮಿನಿ ಕೊಳ್ಳಲು ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಂಜಿನ್ ಸದ್ದು ಕೇಳುತ್ತಾರೆ, ಮನಸ್ಸಾದರೆ ಕೊನೆಗೆ ಬಗ್ಗಿ ಅಡಿಭಾಗಕ್ಕೆ ಇಣುಕುತ್ತಾರೆ. ಈ ಕ್ರಮ ಪೂರ್ತಿ ತಲೆಕೆಳಗಾದುದು. ಬಣ್ಣವನ್ನು ಹೇಗಿದ್ದರೂ ಕೆರೆಯಬೇಕು. ಎಂಜಿನ್ ಎಷ್ಟೇ ಕೆಟ್ಟಿದ್ದರೂ ಒಳ್ಳೆಯ ಲೇತ್ ಅಂಗಡಿಯಲ್ಲಿ ಅದಕ್ಕೆ ಮದ್ದಿದೆ. ಅಡಿಯ ತಗಡು ಕೊಳೆತಿದ್ದರೆ ಮಾತ್ರ ಖರ್ಚು ಎಲ್ಲಿ ನಿಲ್ಲುತ್ತದೆಂದು ಟಿಂಕರಿಂಗ್ ಮಾಡುವವರೂ ಹೇಳಲಾರರು. ಆದ್ದರಿಂದ ಇಲ್ಲಿ ಕೆಲಸದ ಸರದಿಯನ್ನೇ ಮುಖ್ಯವಾಗಿ ಹೇಳುತ್ತೇನೆ. ಜೊತೆಗೆ ಒಂದು ಮಾತು: ಈ ಕಾರು ತಯಾರಾದ ಮುಂಬಯಿಯ ಕುರ್ಲಾದ ಕಾರ್ಖಾನೆ ಹೊರಬಿಟ್ಟ ಕಾರಿಗಿಂತ ‘ಚೆಂದದ’ ಕಾರು ಮಾಡಲು ಹೊರಟವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಪ್ರದರ್ಶನದಲ್ಲಿ ಅಂಕವನ್ನೂ ಕಳೆದುಕೊಳ್ಳುತ್ತಾರೆ.

ಕೈಗೆ ಬಂದಿರುವುದು ಯಾವ ಮಾದರಿ?

ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಿಂದ ಫಿಯೆಟ್ 1100 ಕಾರುಗಳನ್ನು ಹೊರತಂದಿತು. ಮೊದಲ ಮಾದರಿಗಳಾದ ಮಿಲೆಚೆಂತೊ, ಎಲಿಗೆಂಟ್ ಮತ್ತು ಸೂಪರ್ ಸೆಲೆಕ್ಟ್‌ಗಳಲ್ಲಿ ಮುಂಬಾಗಿಲಿನ ಕೀಲು ನಡುಗಂಬಕ್ಕಿತ್ತು. ಬಾಗಿಲು ಈಗಿನ ಕಾರುಗಳದ್ದಕ್ಕೆ ಉಲ್ಟಾ ತೆರೆದುಕೊಳ್ಳುತ್ತಿತ್ತು. 1964ರಲ್ಲಿ ಬಂದ 1100 ಡಿ, ಅಂದರೆ ‘ಡಿಲೈಟ್’, ನಮಗೆಲ್ಲ ಪರಿಚಿತವಾದ ಚೌಕಾಕಾರದ ರೂಪ ತಂದಿತು. ಅದೇ ಕಾರು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು.

ವರ್ಷ ಏಕೆ ಮುಖ್ಯವೆಂದರೆ, ಕಾಲಕಾಲಕ್ಕೆ ಗ್ರಿಲ್, ಬ್ಯಾಡ್ಜ್, ದೀಪ, ಡ್ಯಾಶ್‌ಬೋರ್ಡ್ ಬದಲಾಗಿವೆ. ಮುರಿದ ಗ್ರಿಲ್ ತೆಗೆದು ಸಿಕ್ಕಿದ್ದನ್ನು ಕೂರಿಸುವುದು ನಮ್ಮ ಗ್ಯಾರೇಜುಗಳ ಹಳೆಯ ರೂಢಿ. 1967ರ ಕಾರಿನ ಮುಖದಲ್ಲಿ 1985ರ ಪದ್ಮಿನಿಯ ಗ್ರಿಲ್ ಇರುವುದು ಅಪರೂಪವಲ್ಲ. ಮೊದಲು ನಿಮ್ಮ ವರ್ಷದ ಕಾರು ಹೇಗಿತ್ತು ಎಂಬುದನ್ನು ಹಳೆಯ ಜಾಹೀರಾತು, ಮಾಲೀಕರ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಮನೆಮನೆಯ ಮದುವೆ ಆಲ್ಬಮ್‌ಗಳಿಂದ ತಿಳಿದುಕೊಳ್ಳಿ. ಆಲ್ಬಮ್ ಎಂದದ್ದು ತಮಾಷೆಗಲ್ಲ. ಹೂವಿನ ಹಾರ ಹಾಕಿದ ಕಾರಿನ ಮುಂದೆ ವಧೂವರರು ನಿಂತ ಚಿತ್ರದಲ್ಲಿ ಬ್ಯಾಡ್ಜ್, ಬಂಪರ್, ಚಕ್ರದ ಕ್ಯಾಪ್ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ.

ಬಿಡಿಭಾಗ ತರಿಸುವಾಗ ಇನ್ನೊಂದು ಎಚ್ಚರಿಕೆ. ಇಟಲಿಯ 1100 ಡಿ ಕಾರಿನ ಎಂಜಿನ್ 1221 ಸಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) 72 ಮಿ.ಮೀ. ಭಾರತದ್ದು 1089 ಸಿಸಿ, ಬೋರ್ 68 ಮಿ.ಮೀ. ಹೆಸರು ಒಂದೇ ಎಂದು ವಿದೇಶದಿಂದ ಪಿಸ್ಟನ್ ತರಿಸಿದರೆ ಅದು ಮೇಜಿನ ಮೇಲೆ ಅಲಂಕಾರಕ್ಕಷ್ಟೇ ಆಗುತ್ತದೆ.

ಕೊಳ್ಳುವ ಮುನ್ನ

ಆರ್.ಸಿ. ಪುಸ್ತಕದ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿರುವ ಸಂಖ್ಯೆಗಳೊಂದಿಗೆ ನೀವೇ ಹೋಲಿಸಿ ನೋಡಿ. ದಾಖಲೆಯಿಲ್ಲದ ಕಾರು ಎಷ್ಟು ಅಗ್ಗವಾಗಿದ್ದರೂ ಬಿಡಿಭಾಗಕ್ಕೆಂದು ಮಾತ್ರ ಕೊಳ್ಳಬೇಕು. ‘ಎಂವೈ’ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆ ಹೊತ್ತ ಕಾರು ಸಿಕ್ಕರೆ ಆ ಸಂಖ್ಯೆಯೂ ಕಾರಿನ ಚರಿತ್ರೆಯ ಭಾಗ. ಯಾವ ಕಾರಣಕ್ಕೂ ಅದು ಕೈಬಿಟ್ಟುಹೋಗದಂತೆ ನೋಡಿಕೊಳ್ಳಿ.

ತೆಳುವಾದ ಬಟ್ಟೆ ಸುತ್ತಿದ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಮುಂದಿನ ಮಡ್‌ಗಾರ್ಡಿನ ಹಿಂತುದಿ, ಹೆಡ್‌ಲೈಟಿನ ಸುತ್ತ ಅದನ್ನು ಆಡಿಸಿ. ಅದು ಹಿಡಿಯದೆ ಜಾರುವ ಕಡೆ ಬಣ್ಣದಡಿಯಲ್ಲಿ ದಪ್ಪ ಪುಟ್ಟಿಯಿದೆ ಎಂದರ್ಥ. ಒಳಗೆ ರಬ್ಬರ್ ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರಡಿ ನೋಡಿ, ಬ್ಯಾಟರಿ ಕೂರುವ ತಟ್ಟೆ ನೋಡಿ. ಮುಂಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ. ಅಲುಗಾಟ ಕೀಲಿನ ಪಿನ್ನಿನಲ್ಲಿದ್ದರೆ ಚಿಂತೆಯಿಲ್ಲ. ಕೀಲು ಹಿಡಿದ ಕಂಬವೇ ಅಲುಗಿದರೆ ಆ ಕಾರಿನಿಂದ ದೂರವಿರಿ. ಕರಾವಳಿಯಲ್ಲಿ ಬಾಳಿದ ಕಾರಿಗಿಂತ ವಿಜಯಪುರ, ಕಲಬುರಗಿಯ ಒಣಹವೆಯಲ್ಲಿ ಬಣ್ಣ ಮಾಸಿ ನಿಂತ ಕಾರು ಯಾವಾಗಲೂ ಮೇಲು.

ಬಿಡಿಭಾಗಗಳ ಬಗ್ಗೆ ಅಷ್ಟೇನೂ ಹೆದರಬೇಕಿಲ್ಲ. ಮುಂಬಯಿಯ ಟ್ಯಾಕ್ಸಿಗಳು ದಶಕಗಳ ಕಾಲ ಇದೇ ಕಾರುಗಳಾಗಿದ್ದವು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಕುರ್ಲಾದ ಸಿ.ಎಸ್.ಟಿ. ರಸ್ತೆ, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿಗಳಲ್ಲಿ ತಾಳ್ಮೆಯಿಂದ ಕೇಳಿದರೆ ಯಾಂತ್ರಿಕ ಭಾಗಗಳು ಸಿಗುತ್ತವೆ. ಸಿಗದೆ ಕಾಡುವುದು ಬೀಡಿಂಗ್ (ಬಾಡಿಯ ಮೇಲಿನ ಅಲಂಕಾರದ ಪಟ್ಟಿ), ಬ್ಯಾಡ್ಜ್, ದೀಪದ ಗಾಜು, ಒಳಗಿನ ಹಿಡಿಗಳಂಥ ಚಿಲ್ಲರೆ ವಸ್ತುಗಳು. ಆದ್ದರಿಂದ ಎರಡು ಕಾರುಗಳ ನಡುವೆ ಆಯ್ಕೆಯಿದ್ದರೆ, ಎಂಜಿನ್ ಕೆಟ್ಟಿದ್ದರೂ ಈ ಚಿಲ್ಲರೆಯೆಲ್ಲ ಪೂರ್ತಿಯಿರುವುದನ್ನು ಆರಿಸಿ.

ಬಿಚ್ಚುವ ಮೊದಲು ಒಂದು ತೀರ್ಮಾನ

ಕಾರಿನ ಮೂಲ ಬಣ್ಣ, ಮೂಲ ಸೀಟು ಬಹುಪಾಲು ಉಳಿದಿದ್ದರೆ ಅದನ್ನು ಬಿಚ್ಚಲೇಬೇಡಿ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಹೊಸದಾಗಿಸುವುದಕ್ಕಿಂತ ಕಾಪಾಡುವುದಕ್ಕೆ ಮೊದಲ ಸ್ಥಾನ ಕೊಟ್ಟಿದೆ. ಮೂಲಸ್ಥಿತಿಯ ಕಾರುಗಳಿಗೇ ಪ್ರತ್ಯೇಕ ವಿಭಾಗವಿರುವ ಪ್ರದರ್ಶನಗಳೂ ಇವೆ. ಅಂಥ ಕಾರಿಗೆ ಬ್ರೇಕ್, ಪೆಟ್ರೋಲ್ ಮಾರ್ಗ, ವೈರಿಂಗ್ ಸುರಕ್ಷಿತಗೊಳಿಸಿ, ತುಕ್ಕು ಮುಂದುವರಿಯದಂತೆ ತಡೆದು, ಮೇಣ ಉಜ್ಜಿ ನಿಲ್ಲಿಸಿದರೆ ಸಾಕು. ಮಾಸಿದ ಕಾರ್ಖಾನೆಯ ಬಣ್ಣಕ್ಕೆ ಇರುವ ಬೆಲೆ ಮಿರುಗುವ ಹೊಸ ಬಣ್ಣಕ್ಕಿಲ್ಲ.

ಪೂರ್ತಿ ಬಿಚ್ಚಲೇಬೇಕೆಂದಾದರೆ ಪ್ರತಿ ಭಾಗದ ಚಿತ್ರಗಳನ್ನು ಮೊದಲೇ ತೆಗೆಯಿರಿ. ವೈರ್ ಯಾವ ಕಡೆಯಿಂದ ಹಾದಿದೆ, ವಾಷರ್ ಯಾವ ಬದಿಗಿದೆ, ಬೀಡಿಂಗ್ ಕ್ಲಿಪ್ ಎಷ್ಟಿವೆ ಎಂಬುದು ಚಿತ್ರದಲ್ಲಿ ಬರಬೇಕು. ಬೋಲ್ಟುಗಳನ್ನು ಭಾಗವಾರು ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಇದು ಇಟಲಿಯ ವಿನ್ಯಾಸವಾದ್ದರಿಂದ ಎಲ್ಲವೂ ಮೆಟ್ರಿಕ್ ಅಳತೆ. ಅಂಬಾಸಿಡರ್ ರಿಪೇರಿಗೆ ಬಳಸುವ ಇಂಚಿನ ಸ್ಪ್ಯಾನರ್ ಇಲ್ಲಿ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ. ಮುರಿದ ಭಾಗಗಳನ್ನೂ ಎಸೆಯಬೇಡಿ, ಹೊಸದು ಮಾಡಿಸುವಾಗ ಮಾದರಿಗೆ ಬೇಕಾಗುತ್ತದೆ.

ತಗಡಿನ ಕೆಲಸ

ಪದ್ಮಿನಿಗೆ ಜೀಪಿನಂತೆ ಬೇರೆ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ಸಿಲ್ ಈ ಕಾರಿನ ಬೆನ್ನುಮೂಳೆ, ಮತ್ತು ತುಕ್ಕು ಮೊದಲು ಹಿಡಿಯುವುದೂ ಅಲ್ಲಿಯೇ. ಇದನ್ನು ತಿಳಿಯದೆ ಎರಡೂ ಕಡೆಯ ಸಿಲ್ ಒಟ್ಟಿಗೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಕುಗ್ಗುತ್ತದೆ. ಆಮೇಲೆ ಬಾಗಿಲು ಮುಚ್ಚುವುದಿಲ್ಲ, ಮುಂಗಾಜು ಕೂರುವುದಿಲ್ಲ.

ಸರಿಯಾದ ವಿಧಾನ ಹೀಗಿದೆ. ಬಾಗಿಲುಗಳಿದ್ದಾಗಲೇ ಎಲ್ಲ ಸಂದುಗಳ ಅಗಲವನ್ನು ಅಳೆದು ಬರೆದುಕೊಳ್ಳಿ. ಕಾರನ್ನು ಸಮತಟ್ಟಾದ ನೆಲದಲ್ಲಿ ಗಟ್ಟಿ ಆಧಾರಗಳ ಮೇಲೆ ನಿಲ್ಲಿಸಿ, ಬಾಗಿಲು ತೆಗೆದ ಜಾಗದಲ್ಲಿ ಕಂಬದಿಂದ ಕಂಬಕ್ಕೆ ಚೌಕ ಪೈಪನ್ನು ಅಡ್ಡಕ್ಕೂ ಓರೆಗೂ ತಾತ್ಕಾಲಿಕವಾಗಿ ವೆಲ್ಡ್ ಮಾಡಿಸಿ. ಆಮೇಲೆ ಒಂದು ಬದಿಯ ಸಿಲ್ ಕತ್ತರಿಸಿ, ಹೊಸದು ಕೂರಿಸಿ, ಬಾಗಿಲು ಹಾಕಿ ನೋಡಿ, ಅದು ಸರಿಹೊಂದಿದ ಮೇಲೆ ಮಾತ್ರ ಇನ್ನೊಂದು ಬದಿ ಮುಟ್ಟಿ. ಭಾರ ಹೊರುವ ಜಾಗಕ್ಕೆ 18 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಬಳಸಬಹುದು, ಹೊರ ತಗಡಿಗೆ 20 ಗೇಜ್ ಸಾಕು. ಗ್ಯಾಸ್ ಬೆಂಕಿಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಅಂಟಿಸುವುದು ಹಳಬರಿಗೆ ಸುಲಭದ ದಾರಿ. ಆದರೆ ಭಾರ ಹೊರುವ ಕಡೆ ಅದು ಸಲ್ಲದು. ಅಲ್ಲಿ ಸಿಒ2 ವೆಲ್ಡಿಂಗ್ ಆಗಬೇಕು, ಅದೂ ತಗಡು ಕಾದು ಸೊಟ್ಟಗಾಗದಂತೆ ಚುಕ್ಕೆಚುಕ್ಕೆಯಾಗಿ.

ಹಳೆಯ ತುಕ್ಕಿನ ಮೇಲೆ ಹೊಸ ತೇಪೆ ಹಚ್ಚುವುದಕ್ಕೆ ಯಾರೇ ಹೇಳಿದರೂ ಒಪ್ಪಬೇಡಿ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಬೇಕು, ತೂತು ಎಷ್ಟೇ ದೊಡ್ಡದಾದರೂ ಸರಿ.

ಬಣ್ಣ ತೆಗೆಯಲು ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವವರಿದ್ದಾರೆ. ಆಕ್ಸಲ್, ಸಸ್ಪೆನ್ಶನ್ ತೋಳುಗಳು, ಚಕ್ರದ ರಿಮ್ಮಿಗೆ ಅದು ಒಳ್ಳೆಯದು. ಬಾನೆಟ್, ಮೇಲ್ಛಾವಣಿ, ಬಾಗಿಲಿನ ಚಪ್ಪಟೆ ತಗಡಿಗೆ ಬೇಡ, ಮರಳಿನ ಹೊಡೆತಕ್ಕೆ ಅವು ಅಲೆಅಲೆಯಾಗುತ್ತವೆ. ಅಲ್ಲಿ ಪೇಂಟ್ ರಿಮೂವರ್ ಹಚ್ಚಿ ಕೈಯಲ್ಲಿ ಕೆರೆಯುವುದೇ ಸರಿ. ಬರಿಯ ಲೋಹ ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಂಗಳೂರಿನ ಜುಲೈನಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಗಿಗೆ ತಗಡು ಕೆಂಪಾಗಿರುತ್ತದೆ. ಅದಕ್ಕೇ ತಗಡು ಮತ್ತು ಬಣ್ಣದ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳಿ, ಮಳೆಗಾಲವನ್ನು ಎಂಜಿನ್ನಿಗೆ ಬಿಡಿ. ಪ್ರೈಮರ್ ಆದ ಮೇಲೆ ಬೆಸುಗೆಯ ಸಂದುಗಳಿಗೆ ಸೀಲರ್, ಸಿಲ್ಲಿನ ಒಳಗೆ ಮೇಣ ಸಿಂಪಡಣೆ. ಬಾಗಿಲು ಮತ್ತು ಸಿಲ್ಲಿನ ಕೆಳಗಿರುವ ನೀರು ಹರಿಯುವ ತೂತುಗಳು ಪುಟ್ಟಿಯಲ್ಲಿ ಮುಚ್ಚಿಹೋಗದಿರಲಿ.

ಬ್ರೇಕ್, ಸ್ಟೀರಿಂಗ್

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ವರ್ಷಗಟ್ಟಲೆ ನಿಂತ ಕಾರಾದರೆ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ರಬ್ಬರ್ ಹೋಸ್, ಉಕ್ಕಿನ ಪೈಪು ಎಲ್ಲವನ್ನೂ ಬದಲಿಸಿ. ಇಲ್ಲಿ ಉಳಿತಾಯದ ಮಾತು ಬೇಡ. ಡ್ರಮ್ಮನ್ನು ಲೇತಿನಲ್ಲಿ ದುಂಡಗೆ ಮಾಡಿಸಿ. ಮುಂದಿನ ಕಿಂಗ್ ಪಿನ್ ಸವೆದಿದ್ದರೆ ಸ್ಟೀರಿಂಗ್ ನಡುಗುತ್ತದೆ. ಗ್ರೀಸ್ ನಿಪ್ಪಲುಗಳಿಗೆ ಹೊತ್ತುಹೊತ್ತಿಗೆ ಗ್ರೀಸ್ ಕಾಣಿಸದಿರುವುದೇ ಅದಕ್ಕೆ ಕಾರಣ. ಸ್ಟೀರಿಂಗಿಗೆ ಅಂಟಿದ ಗೇರು ಸಿಕ್ಕಿಕೊಳ್ಳುತ್ತಿದ್ದರೆ ಗೇರ್‌ಬಾಕ್ಸ್ ಇಳಿಸುವ ಮೊದಲು ಅದರ ಕಡ್ಡಿಗಳ ಬುಷ್ ನೋಡಿ. ಬಹಳ ಸಲ ದೋಷ ಅಷ್ಟೇ ಇರುತ್ತದೆ.

ಎಂಜಿನ್

ನಿಂತುಹೋದ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು, ಹಗ್ಗ ಕಟ್ಟಿ ಎಳೆಯುವುದು ಎರಡೂ ತಪ್ಪು. ನಾಲ್ಕೂ ಪ್ಲಗ್ ತೆಗೆದು ಸಿಲಿಂಡರಿಗೆ ತೆಳು ಎಣ್ಣೆ ಬಿಡಿ, ಕೆಲವು ದಿನ ನೆನೆಯಲಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ಹಿಂದೆಮುಂದೆ ಮೆಲ್ಲನೆ ಅಲುಗಿಸಿ. ಪೂರ್ತಿ ಸುತ್ತು ತಿರುಗಿದ ಮೇಲೆ ಹಳೆಯ ಆಯಿಲ್ ಮತ್ತು ಪೆಟ್ರೋಲ್ ತೆಗೆದು, ಹೊಸದು ಹಾಕಿ, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ನಾಲ್ಕೂ ಸಿಲಿಂಡರಿನ ಅಳತೆ ಹತ್ತಿರಹತ್ತಿರ ಇದ್ದರೆ ಸಿಲಿಂಡರನ್ನು ಕೊರೆದು ಅಗಲಿಸುವ ರೀಬೋರ್ ಮಾಡಿಸುವ ಆತುರ ಬೇಡ.

ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಒಮ್ಮೆ ನೀರು ಬತ್ತಿ ಕುದಿದ ಕಾರಿನ ಹೆಡ್ ಬಾಗಿರುವ ಸಂಭವ ಹೆಚ್ಚು. ಹೆಡ್ ಇಳಿಸಿದಾಗಲೆಲ್ಲ ಉಕ್ಕಿನ ಪಟ್ಟಿಯಿಟ್ಟು ಸಮತಟ್ಟು ನೋಡಿಸಿ, ಅಗತ್ಯವಿದ್ದಷ್ಟೇ ಮೇಲ್ಮೈ ತೆಗೆಸಿ. ರೇಡಿಯೇಟರ್ ಒಳಗಿನ ಕೋರ್ ಕಟ್ಟಿಕೊಂಡಿದ್ದರೆ ತೊಳೆದು ಪ್ರಯೋಜನವಿಲ್ಲ. ಹಿತ್ತಾಳೆಯ ಟ್ಯಾಂಕುಗಳನ್ನು ಉಳಿಸಿಕೊಂಡು ಕೋರ್ ಮಾತ್ರ ಹೊಸದು ಮಾಡಿಸಿ.

ಈಗಿನ ಪೆಟ್ರೋಲಿನದ್ದು ಬೇರೆಯೇ ಕಥೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಹಳೆಯ ರಬ್ಬರ್ ಹೋಸ್, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಗ್ಯಾಸ್ಕೆಟ್ ಇದಕ್ಕೆಂದು ಮಾಡಿದವಲ್ಲ. ಅವು ಊದಿ, ಮೆತ್ತಗಾಗಿ, ಕೊನೆಗೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ‘ಆರ್9’ ಗುರುತಿನ ಹೋಸ್ ಮತ್ತು ಎಥೆನಾಲ್ ತಡೆಯುವ ಡಯಾಫ್ರಮ್ ಹಾಕಿಸಿ. ಎಥೆನಾಲ್ ತೇವವನ್ನೂ ಹೀರುವುದರಿಂದ ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಟ್ಯಾಂಕ್ ಸೋರುತ್ತಿದ್ದರೆ, ‘ತೊಳೆದಿದ್ದೇನೆ’ ಎಂಬ ಮಾತು ನಂಬಿ ವೆಲ್ಡಿಂಗ್ ಬೆಂಕಿ ತಾಗಿಸಲು ಬಿಡಬೇಡಿ. ಒಳಗುಳಿದ ಆವಿಯೇ ಸಿಡಿಯಲು ಸಾಕು.

ವೈರಿಂಗ್ ವಿಷಯ ಚಿಕ್ಕದು: ತೇಪೆ ಹಾಕಿದ ಹಳೆಯ ಹಾರ್ನೆಸ್ (ವೈರುಗಳ ಕಟ್ಟು) ರಿಪೇರಿ ಮಾಡುವುದಕ್ಕಿಂತ ಅದೇ ಬಣ್ಣಗಳ ಹೊಸ ವೈರಿನಲ್ಲಿ ಪೂರ್ತಿ ಕಟ್ಟಿಸುವುದು ಅಗ್ಗ. ಅರ್ಧದಷ್ಟು ‘ಎಲೆಕ್ಟ್ರಿಕಲ್ ಸಮಸ್ಯೆ’ಗಳು ತುಕ್ಕು ಹಿಡಿದ ಅರ್ಥಿಂಗ್ ಜಾಗ ಉಜ್ಜಿದರೆ ಮಾಯವಾಗುತ್ತವೆ.

ಬಣ್ಣ, ಕ್ರೋಮ್, ಸೀಟು

ಮೂಲ ಬಣ್ಣ ಆರ್.ಸಿ.ಯಲ್ಲಿ ಒಂದೇ ಪದದಲ್ಲಿರುತ್ತದೆ, ಕಾರಿನಲ್ಲಿ ಅದರ ನಿಜವಾದ ಛಾಯೆ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಒಳಹಲಗೆಯ ಅಡಿಯಲ್ಲಿ, ಹಿಂದಿನ ಸೀಟಿನ ಕೆಳಗೆ ಬಿಸಿಲು ಕಾಣದ ತುಣುಕು ಹುಡುಕಿ ಅದಕ್ಕೆ ಹೊಂದಿಸಿ. ಈ ಕಾಲದ ಕಾರಿಗೆ ಮೆಟಾಲಿಕ್ ಮಿನುಗು ಹಚ್ಚುವ ಆಸೆಯನ್ನು ದಯವಿಟ್ಟು ಅದುಮಿಡಿ. ಬಣ್ಣ ಬದಲಿಸಿದರೆ ಆರ್.ಸಿ.ಯಲ್ಲೂ ತಿದ್ದಿಸಬೇಕು ಎಂಬುದು ಬೇರೆ.

ಬಣ್ಣಕ್ಕೆ ಮೊದಲು ಬಾಗಿಲು, ಬಾನೆಟ್, ಡಿಕ್ಕಿ, ಬಂಪರ್, ದೀಪ, ಬೀಡಿಂಗ್ ಎಲ್ಲವನ್ನೂ ಒಮ್ಮೆ ಜೋಡಿಸಿ ಸಂದು ಸರಿಮಾಡಿ, ಮತ್ತೆ ಬಿಚ್ಚಿ. ಪೇಂಟರಿಗೆ ಇದು ಕಿರಿಕಿರಿ, ಆದರೆ ಬಣ್ಣವಾದ ಮೇಲೆ ಬಾಗಿಲು ಬಗ್ಗಿಸುವುದಕ್ಕಿಂತ ವಾಸಿ. ಪುಟ್ಟಿ ಒಂದೆರಡು ಮಿ.ಮೀ. ದಾಟಬಾರದು. ಹಾರ್ಡನರ್ ಬೆರೆಸಿ ಹೊಡೆಯುವ 2ಕೆ ಬಣ್ಣ ಬಳಸುವಾಗ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವಿರುವ ಪೇಂಟ್ ಬೂತಿಗೇ ಕೊಡಿ.

ಬಂಪರಿಗೆ ತಾಮ್ರ, ನಿಕಲ್, ಕ್ರೋಮ್ ಮೂರೂ ಪದರ ಹಾಕುವವರನ್ನು ಹುಡುಕಿ. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳಿವೆ. ಬ್ಯಾಡ್ಜ್, ಹಿಡಿಗಳಂಥ ಎರಕದ ಭಾಗಗಳಲ್ಲಿ ಗುಳಿ ಬಿದ್ದಿದ್ದರೆ ಪ್ಲೇಟಿಂಗ್ ಚೆನ್ನಾಗಿ ಕೂರುವುದಿಲ್ಲ, ಇನ್ನೊಂದನ್ನು ಹುಡುಕುವುದೇ ಉಪಾಯ. ಸೀಟಿಗೆ ರೆಕ್ಸಿನ್ ಇದ್ದಲ್ಲಿ ರೆಕ್ಸಿನ್ನೇ ಇರಲಿ, ಚರ್ಮ ಬೇಡ. ಹಳೆಯ ಹೊದಿಕೆಯ ಹೊಲಿಗೆ ಸಾಲುಗಳನ್ನು ಎಣಿಸಿ ಅಷ್ಟೇ ಹಾಕಿಸಿ. ಮುಂಗಾಜಿನ ರಬ್ಬರ್ ಹೊಸದಾಗಿರಲಿ, ಇಲ್ಲದಿದ್ದರೆ ನೀರು ಮ್ಯಾಟಿನಡಿ ನಿಂತು ನೀವು ಕಷ್ಟಪಟ್ಟು ಹಾಕಿದ ನೆಲವನ್ನು ತಿನ್ನುತ್ತದೆ.

ಕಾನೂನು

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ‘ವಿಂಟೇಜ್’ ಎನಿಸುತ್ತದೆ. ಅಂದರೆ 1974ರ ಪದ್ಮಿನಿ ಈಗಾಗಲೇ ಆ ಗೆರೆ ದಾಟಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಮೊದಲೇ ನೋಂದಣಿಯಾಗಿದ್ದ ಕಾರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.

ಒಂದು ಷರತ್ತನ್ನು ಮರೆಯಬಾರದು: ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ನಿರ್ವಹಣೆಗಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗುವ ಆಸೆಯಿದ್ದರೆ ಸಾಮಾನ್ಯ ಆರ್.ಸಿ.ಯನ್ನೇ ನವೀಕರಿಸುತ್ತ ಹೋಗುವುದು ನನ್ನ ಸಲಹೆ.

ಪ್ರದರ್ಶನಕ್ಕೆ

ಬಣ್ಣ ಒಣಗಿದ ವಾರವೇ ಪ್ರದರ್ಶನಕ್ಕೆ ಹೆಸರು ಕೊಡಬೇಡಿ. ಮೊದಲು ಊರೊಳಗೆ, ಆಮೇಲೆ ಹೆದ್ದಾರಿಯಲ್ಲಿ, ಕೊನೆಗೆ ಒಂದು ಘಟ್ಟದಲ್ಲಿ ಓಡಿಸಿ. ಶಿರಾಡಿ, ಚಾರ್ಮಾಡಿಯಂಥ ಏರಿನಲ್ಲಿ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ ಕಾರು ನಿಂತರೆ ಹೆದರಬೇಡಿ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ಹಳೆಯ ಚಾಲಕರೆಲ್ಲರಿಗೂ ಗೊತ್ತಿದ್ದ ಉಪಾಯ. ಫ್ಯಾನ್ ಬೆಲ್ಟ್, ಪಾಯಿಂಟ್, ಕಂಡೆನ್ಸರ್, ಕಾಯಿಲ್, ಫ್ಯೂಸ್, ನೀರು, ಬೆಂಕಿ ನಂದಿಸುವ ಸಿಲಿಂಡರ್ ಯಾವಾಗಲೂ ಜೊತೆಗಿರಲಿ.

ತೀರ್ಪುಗಾರರು ದೂರದಿಂದ ಹೊಳಪು ನೋಡುತ್ತಾರೆ, ಹತ್ತಿರದಿಂದ ಸತ್ಯ ಹುಡುಕುತ್ತಾರೆ. ಬಾನೆಟ್ ತೆರೆದಾಗ ಕಣ್ಣಿಗೆ ಬೀಳುವ ಈಗಿನ ಹೋಸ್ ಕ್ಲಿಪ್, ಪ್ಲಾಸ್ಟಿಕ್ ಟೈ, ಬಣ್ಣಬಣ್ಣದ ಬ್ಯಾಟರಿ ಅಂಕ ಕಳೆಯುತ್ತವೆ. ಅಲಾಯ್ ವ್ಹೀಲ್, ಹೊಸ ಸ್ಟೀರಿಯೊ, ನೀಲಿ ಬೆಳಕಿನ ದೀಪ ಇನ್ನೂ ಹೆಚ್ಚು ಕಳೆಯುತ್ತವೆ. ಹಾರ್ನ್, ವೈಪರ್, ಇಂಡಿಕೇಟರ್, ಒಳದೀಪ ಎಲ್ಲವೂ ಕೆಲಸ ಮಾಡಬೇಕು, ಎಂಜಿನ್ ಒಂದೇ ಹೊಡೆತಕ್ಕೆ ಹತ್ತಬೇಕು. ಡಿಕ್ಕಿಯಲ್ಲಿ ಜಾಕ್, ಹ್ಯಾಂಡಲ್, ಪಾನಾಗಳು, ಅದೇ ಬಗೆಯ ಟೈರಿನ ಸ್ಟೆಪ್ನಿ ಇರಲಿ. ಟೈರಿಗೆ ಹೊಳೆಯುವ ಎಣ್ಣೆ ಬಳಿಯಬೇಡಿ, ಬರೀ ಸೋಪು ನೀರು ಸಾಕು.

ಕಾರಿನ ಜೊತೆ ಒಂದು ಕಡತ ಒಯ್ಯಿರಿ: ಹಳೆಯ ಆರ್.ಸಿ., ಸಿಕ್ಕರೆ ಮೊದಲ ಖರೀದಿ ರಸೀದಿ, ಕೆಲಸದ ಪ್ರತಿ ಹಂತದ ಚಿತ್ರಗಳು, ಬದಲಿಸಿದ ಭಾಗಗಳ ಪಟ್ಟಿ. ಬದಲಿಸಿದ್ದನ್ನು ಮುಚ್ಚಿಡಬೇಡಿ. ‘ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿದ್ದೇನೆ, ಮೂಲ ಭಾಗ ಮನೆಯಲ್ಲಿದೆ’ ಎಂದು ಮೊದಲೇ ಹೇಳಿದ ಮಾಲೀಕರ ಮುಂದಿನ ಮಾತನ್ನೂ ತೀರ್ಪುಗಾರರು ನಂಬುತ್ತಾರೆ. ಜನರಿಗಾಗಿ ಮಾದರಿ, ವರ್ಷ, ಮೊದಲು ಓಡಾಡಿದ ಊರು ಬರೆದ ಸಣ್ಣ ಫಲಕ ಇಡಿ, ಅದು ಕನ್ನಡದಲ್ಲಿಯೂ ಇರಲಿ. ಮಕ್ಕಳು ಬಾಗಿಲು ಹಿಡಿದು ಜಗ್ಗುವುದು ಖಂಡಿತ. ಬೈಯುವ ಬದಲು ಒಬ್ಬೊಬ್ಬರನ್ನಾಗಿ ಸ್ಟೀರಿಂಗ್ ಹಿಂದೆ ಕೂರಿಸಿ, ಸಾಲು ತಾನಾಗಿ ನೆಟ್ಟಗಾಗುತ್ತದೆ.

ಮುಗಿದ ಮೇಲೆ ಅಂಕಪಟ್ಟಿ ನೋಡಲು ಅವಕಾಶವಿದೆಯೇ ಎಂದು ಆಯೋಜಕರನ್ನು ಕೇಳಿ. ಮುಂದಿನ ವರ್ಷಕ್ಕೆ ಏನು ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ. ಮನೆಗೆ ಬಂದು ಬ್ಯಾಟರಿ ತಂತಿ ಬಿಡಿಸಿ, ಟೈರಿನ ಗಾಳಿ ಸ್ವಲ್ಪ ಹೆಚ್ಚಿಸಿ, ಕಿಟಕಿಯನ್ನು ಎಳೆಯಷ್ಟು ಇಳಿಸಿ ನಿಲ್ಲಿಸಿ. ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುತ್ತದೆ, ಹತ್ತಿಯದು ಬಳಸಿ. ಎರಡು ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದಾದರೆ ಐದು ನಿಮಿಷಕ್ಕೆ ಆಫ್ ಮಾಡಬೇಡಿ. ಎಂಜಿನ್ ಪೂರ್ತಿ ಕಾಯುವವರೆಗೆ ಓಡಿಸಿದರೆ ಮಾತ್ರ ಸೈಲೆನ್ಸರಿನೊಳಗಿನ ನೀರು ಆರುತ್ತದೆ.